ಚುಕ್ಕಾಣಿ ಯಾರ ಕೈಯಲ್ಲಿ?

ನಾಲತವಾಡದಿಂದ ದಕ್ಷಿಣಕ್ಕೆ ಹೋದರೆ ಕೃಷ್ಣಾ ನದಿ ಸಿಗುತ್ತದೆ. ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹೊಳೆ ಬಸವಸಾಗರದ ಹಿನ್ನೀರಾಗಿ ಹರಡಿಕೊಂಡಿದೆ. ಹೊಳೆದಂಡೆಯ ಜನರಿಗೆ ಹರಿಗೋಲು ಹೊಸದಲ್ಲ. ಅದು ಬಿದಿರಿನಿಂದ ಹೆಣೆದ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಚೆಗೆ ತಾಡಪತ್ರಿ ಹೊದಿಸಿ ಡಾಂಬರು ಬಳಿಯುತ್ತಾರೆ. ಒಮ್ಮೆ ಹರಿಗೋಲಿನಲ್ಲಿ ಕುಳಿತು ಹೊಳೆ ದಾಟುವಾಗ, ಇದರ ಮುಂಭಾಗ ಯಾವುದೆಂದು ಅಂಬಿಗನನ್ನು ಕೇಳಿದೆ. ಆತ ನಕ್ಕು, "ಇದಕ್ಕ ಮುಂದೂ ಇಲ್ಲ, ಹಿಂದೂ ಇಲ್ಲರೀ ಯಪ್ಪಾ. ಹುಟ್ಟು ನಿಂತರ ಗಿರಕಿ ಹೊಡೀತೈತಿ, ಅಷ್ಟ" ಎಂದ.

ಹರಿಗೋಲಿನಲ್ಲಿ ಕೈಯನ್ನೂ ಗಮನವನ್ನೂ ಬೇರ್ಪಡಿಸಲಾಗದು. ಗಮನ ತಪ್ಪಿತೆಂದರೆ ಮರುಕ್ಷಣವೇ ಬುಟ್ಟಿ ತಿರುಗಿ ಅಂಬಿಗನನ್ನು ಎಚ್ಚರಿಸುತ್ತದೆ. ಇದಕ್ಕೆ ನೇರ ವಿರುದ್ಧವಾದುದು ಸಮುದ್ರದ ದೋಣಿಗಳಲ್ಲಿರುವ ಆಟೊಪೈಲಟ್, ಅಂದರೆ ತಾನೇ ಚುಕ್ಕಾಣಿ ಹಿಡಿಯುವ ಯಂತ್ರ. ಅದು ಕೈಗೆ ಬಿಡುವು ಕೊಡುತ್ತದೆ. ಹಾಗಾದರೆ ಗಮನಕ್ಕೂ ಬಿಡುವು ಸಿಕ್ಕಿತೇ? ಈ ಪ್ರಶ್ನೆ ನಾವಿಕರಿಗಷ್ಟೇ ಸೇರಿದ್ದಲ್ಲವೆಂಬುದು ನನ್ನ ಅನಿಸಿಕೆ.

ಯಂತ್ರವನ್ನು ಮೊದಲೇ ಹಳಿಯುವುದು ನ್ಯಾಯವಲ್ಲ. ಭಾರತೀಯ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ರೂಪಾ ಎ. ಅವರು 2024ರ ಅಕ್ಟೋಬರ್ 2ರಂದು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ 2025ರ ಮೇ 29ರಂದು ಮರಳಿದರು. ಸುಮಾರು ಎಂಟು ತಿಂಗಳ ಕಾಲ ಇಬ್ಬರೇ ಹಗಲಿರುಳು ಚುಕ್ಕಾಣಿ ಹಿಡಿದಿರಲು ಸಾಧ್ಯವಿಲ್ಲ. ಹಾಯಿ ಇಳಿಸಬೇಕು, ಅಡುಗೆ ಮಾಡಬೇಕು, ನಿದ್ರಿಸಬೇಕು. ಇಂಥ ಯಾನದಲ್ಲಿ ಆಟೊಪೈಲಟ್ ಮೂರನೆಯ ನಾವಿಕನಿದ್ದಂತೆ. ನಾವು ಹೇಳಿದ ದಿಕ್ಕನ್ನೂ ದಿಕ್ಸೂಚಿ ತೋರಿಸುವ ದಿಕ್ಕನ್ನೂ ಅದು ಸದಾ ಹೋಲಿಸುತ್ತಿರುತ್ತದೆ. ವ್ಯತ್ಯಾಸ ಕಂಡೊಡನೆ ಮೋಟಾರಿನ ಮೂಲಕ ಚುಕ್ಕಾಣಿಯನ್ನು ತಿರುಗಿಸುತ್ತದೆ.

ಮನುಷ್ಯನಿಗೆ ರೂಢಿಯೂ ಇಂಥದೇ ಸಹಾಯಕ. ಪ್ರತಿದಿನವೂ ಸತ್ಯ ಹೇಳಬೇಕೇ ಬೇಡವೇ ಎಂದು ಹೊಸದಾಗಿ ಯೋಚಿಸಬೇಕಾಗಿ ಬಂದರೆ ಬದುಕು ಸಾಗದು. ಸದ್ಗುಣವೆಂಬುದೇ ಒಂದು ಒಳ್ಳೆಯ ರೂಢಿ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಆದರೆ ಅವರ ಪ್ರಕಾರ ರೂಢಿಯನ್ನು ಬಳಸುವುದು ನಮ್ಮ ಇಚ್ಛಾಶಕ್ತಿ; ಇಚ್ಛಾಶಕ್ತಿಯನ್ನು ರೂಢಿ ಬಳಸಿಕೊಳ್ಳಬಾರದು.

ಆಟೊಪೈಲಟನ್ನು ಹೊಂದಿಸುವ ಕ್ರಮದಲ್ಲಿ ಮನಸ್ಸಾಕ್ಷಿಯನ್ನು ರೂಪಿಸುವ ಬಗೆಗೂ ಪಾಠವಿದೆ. ಅದರ ಸೂಕ್ಷ್ಮತೆಯನ್ನು ಅತಿಯಾಗಿ ಏರಿಸಿದರೆ ಪ್ರತಿಯೊಂದು ಅಲೆಗೂ ಚುಕ್ಕಾಣಿ ಅತ್ತಿತ್ತ ಹೊಯ್ದಾಡುತ್ತದೆ. ಬ್ಯಾಟರಿ ಬರಿದಾಗುತ್ತದೆ, ಮೋಟಾರು ಸವೆಯುತ್ತದೆ. ಅತಿಯಾಗಿ ಇಳಿಸಿದರೆ ದೋಣಿ ಹಾವಿನಂತೆ ಹರಿದಾಡುತ್ತ ಬಹಳ ತಡವಾಗಿ ದಾರಿಗೆ ಬರುತ್ತದೆ. ನೀತಿಶಾಸ್ತ್ರವು ಒಂದನ್ನು ಅಳುಕಿನ ಮನಸ್ಸಾಕ್ಷಿ ಎಂದೂ ಇನ್ನೊಂದನ್ನು ಸಡಿಲ ಮನಸ್ಸಾಕ್ಷಿ ಎಂದೂ ಕರೆದಿದೆ. ಕ್ಷಮೆ ಪಡೆದ ಸಣ್ಣ ತಪ್ಪಿಗಾಗಿ ರಾತ್ರಿಯೆಲ್ಲ ನಿದ್ರೆಗೆಡುವವರನ್ನೂ, ತೂಕದಲ್ಲಿ ದಿನವೂ ಮೋಸಮಾಡಿ ಸುಖವಾಗಿ ಮಲಗುವವರನ್ನೂ ನಾವು ಕಂಡಿದ್ದೇವೆ. ಇಬ್ಬರಿಗೂ ಒಂದೇ ಉಪದೇಶ ಹೊಂದದು. ಶಾಂತ ಸಮುದ್ರಕ್ಕೆ ಒಂದು ಹೊಂದಿಕೆ, ಬಿರುಗಾಳಿಗೆ ಇನ್ನೊಂದು.

ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನಿಕೊಲಾಸ್ ಮಿನೊರ್ಸ್ಕಿ ಎಂಬ ಎಂಜಿನಿಯರ್ 1922ರಲ್ಲಿ ಹಡಗುಗಳ ಸ್ವಯಂಚಾಲಿತ ಚುಕ್ಕಾಣಿಯ ಗಣಿತವನ್ನು ಪ್ರಕಟಿಸಿದರು. ಅನುಭವಿ ನಾವಿಕರು ಚುಕ್ಕಾಣಿ ಹಿಡಿಯುವ ರೀತಿಯಿಂದಲೇ ಅವರು ಕಲಿತರು. ಒಳ್ಳೆಯ ನಾವಿಕನು ಹಡಗು ಎಷ್ಟು ದಿಕ್ಕು ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನೂ ಗಮನಿಸಿ, ಅದು ದಾರಿಗೆ ಬರುವ ಮುನ್ನವೇ ಚುಕ್ಕಾಣಿಯನ್ನು ಸಡಿಲಿಸುತ್ತಾನೆ. ಇಲ್ಲದಿದ್ದರೆ ಹಡಗು ಸರಿದಾರಿಯನ್ನು ದಾಟಿ ಆಚೆ ಬದಿಗೆ ಹೋಗುತ್ತದೆ. ಮಕ್ಕಳನ್ನು ತಿದ್ದುವ ತಂದೆತಾಯಿಗಳು ಇದನ್ನು ನೆನೆಯಬೇಕು. ಮಗು ತಿರುಗಿ ಬರುತ್ತಿರುವಾಗಲೂ ಬೈಗುಳ ನಿಲ್ಲದಿದ್ದರೆ ಅದು ಇನ್ನೊಂದು ಬದಿಗೆ ದೂರವಾಗುತ್ತದೆ.

ಇನ್ನೂ ಎರಡು ಅಪಾಯಗಳಿವೆ. ದಿಕ್ಸೂಚಿಯ ಬಳಿ ಕಬ್ಬಿಣದ ತುಂಡನ್ನೋ ಅಯಸ್ಕಾಂತವಿರುವ ಸ್ಪೀಕರನ್ನೋ ಇಟ್ಟರೆ ಅದು ಸುಳ್ಳು ದಿಕ್ಕು ತೋರಿಸುತ್ತದೆ. ಯಂತ್ರ ಆ ಸುಳ್ಳನ್ನೇ ನಿಷ್ಠೆಯಿಂದ ಪಾಲಿಸುತ್ತದೆ. ಎರಡನೆಯದು, ದಿಕ್ಸೂಚಿಯೊಂದನ್ನೇ ನಂಬಿದ ಯಂತ್ರಕ್ಕೆ ಅಡ್ಡಪ್ರವಾಹ ತಿಳಿಯದು. ದೋಣಿಯ ಮೂತಿ ಸರಿಯಾದ ದಿಕ್ಕಿಗೇ ಇರುತ್ತದೆ, ಒಡಲು ಮಾತ್ರ ಪಕ್ಕಕ್ಕೆ ಸರಿಯುತ್ತಿರುತ್ತದೆ.

'ರಾಯಲ್ ಮೆಜೆಸ್ಟಿ' ಎಂಬ ಪ್ರಯಾಣಿಕರ ಹಡಗಿಗೆ ಆದದ್ದು ಇದೇ. 1995ರ ಜೂನ್ 9ರಂದು ಅದು ಬರ್ಮುಡಾದಿಂದ ಬಾಸ್ಟನ್ನಿಗೆ ಹೊರಟಿತು. ಹೊರಟ ಸ್ವಲ್ಪ ಹೊತ್ತಿನಲ್ಲೇ ಜಿಪಿಎಸ್ ಆಂಟೆನಾದ ತಂತಿ ಕಳಚಿತು. ಉಪಗ್ರಹದ ಸುಳಿವು ತಪ್ಪಿದ ಜಿಪಿಎಸ್, ವೇಗ ಮತ್ತು ದಿಕ್ಕಿನ ಆಧಾರದಿಂದ ಅಂದಾಜಿನ ಸ್ಥಾನವನ್ನು ತೋರಿಸತೊಡಗಿತು. ಪರದೆಯ ಮೇಲಿನ ಪುಟ್ಟ ಅಕ್ಷರಗಳನ್ನು ಯಾರೂ ಗಮನಿಸಲಿಲ್ಲ. ಗಾಳಿಯೂ ಪ್ರವಾಹವೂ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದವು. ಅಧಿಕಾರಿಗಳು ಸ್ಥಾನವನ್ನು ತಪ್ಪದೆ ಗುರುತಿಸುತ್ತಲೇ ಇದ್ದರು, ಆದರೆ ಅದೇ ಸುಳ್ಳು ಅಂಕಿಗಳಿಂದ. ಸಂಜೆ ಕಾಣಬೇಕಿದ್ದ ತೇಲುಗುರುತೊಂದು ಕಾಣಲಿಲ್ಲ. ಕಂಡಿತೇ ಎಂದು ಕಪ್ತಾನ ಕೇಳಿದಾಗ ಅಧಿಕಾರಿ ಕಂಡಿತೆಂದರು. ಜಿಪಿಎಸ್ ಪ್ರಕಾರ ಎಲ್ಲವೂ ಸರಿಯಾಗಿತ್ತಲ್ಲ! ಜೂನ್ 10ರ ರಾತ್ರಿ, ಸುಮಾರು 34 ಗಂಟೆಗಳ ಬಳಿಕ, ಹಡಗು ನ್ಯಾಂಟಕೆಟ್ ದ್ವೀಪದ ಪೂರ್ವಕ್ಕೆ ಮರಳುದಿಬ್ಬವನ್ನೇರಿ ನಿಂತಿತು. ನಿಜವಾದ ದಾರಿಯಿಂದ ಅದು 17 ಮೈಲಿ ದೂರವಿತ್ತು. ಹಡಗಿನಲ್ಲಿದ್ದ 1,500ಕ್ಕೂ ಹೆಚ್ಚು ಜನರಲ್ಲಿ ಯಾರ ಪ್ರಾಣವೂ ಹೋಗಲಿಲ್ಲ.

ಆ ಅಧಿಕಾರಿಯ ಮೇಲೆ ಕಲ್ಲೆಸೆಯಲು ನನ್ನ ಕೈ ಏಳುವುದಿಲ್ಲ. ವರ್ಷಗಳ ಹಿಂದೆ ಒಂದು ಮುಂಜಾನೆ ಬಲಿಪೂಜೆ ಮುಗಿಸಿ ಹೊರಬಂದಾಗ ವೃದ್ಧೆಯೊಬ್ಬರು ಬಾಗಿಲಲ್ಲಿ ನಿಂತಿದ್ದರು. "ಫಾದರ್, ನನ್ನ ಮಗನ ಹೆಸರು ಹೇಳಲಿಲ್ಲಲ್ರೀ" ಎಂದರು. ಅಂದು ಅವರ ಮಗ ತೀರಿಕೊಂಡು ವರ್ಷವಾಗಿತ್ತು. ಅವನ ಹೆಸರನ್ನು ಹಿಂದಿನ ದಿನ ನಾನೇ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಪೂಜೆಯ ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಕೈಗಳು ಏಳಬೇಕಾದಲ್ಲಿ ಎದ್ದಿದ್ದವು, ಮುಗಿಯಬೇಕಾದಲ್ಲಿ ಮುಗಿದಿದ್ದವು. ಆ ತಾಯಿ ಬಂದದ್ದು ಆ ಒಂದು ಹೆಸರು ಕೇಳಲು. ಮೂತಿ ಸರಿಯಾಗಿತ್ತು, ನಾನು ಪಕ್ಕಕ್ಕೆ ಸರಿದಿದ್ದೆ. ಹೇಳದೆ ಹೋಗಿದ್ದರೆ ನನಗೆ ಇಂದಿಗೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ಉತ್ತರ ಹೀಗಿರಬಹುದು: ಕೈಯ ಕೆಲಸವನ್ನು ಬೇರೊಂದಕ್ಕೆ ವಹಿಸಬಹುದು, ನೋಡುವ ಹೊಣೆಯನ್ನು ವಹಿಸಲಾಗದು. ಪ್ರಾಜ್ಞ ನಾವಿಕನು ಆಟೊಪೈಲಟನ್ನು ನಂಬುತ್ತಾನೆ, ಆದರೆ ಅದರ ಅಂಕಿಯನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಗುರುತಿನಿಂದ ಪರೀಕ್ಷಿಸುತ್ತಾನೆ: ನೀರಿನ ಆಳ, ದಡದ ದೀಪ, ತನ್ನದೇ ಕಣ್ಣು. ಬಂದರಿನ ಇಕ್ಕಟ್ಟಿನಲ್ಲಿ ಯಂತ್ರವನ್ನು ಬಿಡಿಸಿ ತಾನೇ ಚುಕ್ಕಾಣಿ ಹಿಡಿಯುತ್ತಾನೆ. ನಮಗೂ ಅಂಥ ಹೊರಗಿನ ಗುರುತು ಬೇಕು. ರಾತ್ರಿ ಮಲಗುವ ಮುನ್ನ ಮಾಡುವ ಆತ್ಮಪರೀಕ್ಷೆ ಒಳ್ಳೆಯದು. ಆದರೆ ನಮ್ಮ ದಿಕ್ಸೂಚಿಯನ್ನು ನಾವೇ ಓದಿ ಸರಿಯೆಂದುಕೊಳ್ಳುವ ಅಪಾಯ ಅಲ್ಲಿಯೂ ಇದೆ. ಮನೆಯಾಕೆ, ಗೆಳೆಯ, ಬಾಗಿಲಲ್ಲಿ ಕಾದು ನಿಂತ ವೃದ್ಧೆ ಹೇಳುವ ಮಾತನ್ನೂ ಅದರ ಜೊತೆಗಿಟ್ಟು ನೋಡಬೇಕು.

ಆ ದಿನದಿಂದ ನಾನು ಪೂಜೆಗೆ ಮುನ್ನ ಆ ದಿನದ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಕೃಷ್ಣೆಯ ಅಂಬಿಗನಿಗೆ ಅವನ ಬುಟ್ಟಿಯೇ ತಿರುಗಿ ಎಚ್ಚರಿಕೆ ಕೊಡುತ್ತದೆ. ನನ್ನ ಹಡಗು ಹಾಗೆ ತಿರುಗುವುದಿಲ್ಲ.