ಪರದೇಶದಲ್ಲಿ ಊರಿನ ಊಟ

ಮನೆ ಬಿಟ್ಟು ದೂರದೇಶಕ್ಕೆ ದುಡಿಯಲು ಹೋದವರು ಅಲ್ಲಿ ದುಬಾರಿ ಬೆಲೆ ತೆತ್ತು ಊರಿನ ತಿನಿಸನ್ನೇ ಹುಡುಕಿ ಕೊಳ್ಳುವುದು ಸರಿಯೇ? ಅದು ನಾಲಗೆಯ ಚಪಲವೋ, ಹೆತ್ತವರ ಮೇಲಿನ ಪ್ರೀತಿಯೋ? ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಮ್ಮ ಧರ್ಮಕೇಂದ್ರಗಳಿಂದ ಮಕ್ಕಳು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ, ಇಂಗ್ಲೆಂಡಿಗೆ ಹೋಗಿರುವ ಈ ಕಾಲದಲ್ಲಿ ಇದು ಅನೇಕ ಕುಟುಂಬಗಳ ಪ್ರಶ್ನೆ.

ಹನೂರು ಕಡೆಯ ಒಬ್ಬ ಹೆಣ್ಣುಮಗಳು ನರ್ಸ್ ಆಗಿ ಲಂಡನ್ನಿಗೆ ಹೋಗಿದ್ದಾಳೆ ಎಂದು ಇಟ್ಟುಕೊಳ್ಳಿ. ಅಲ್ಲಿ ಭಾರತೀಯರ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಹುರುಳಿಕಾಳು ಸಿಗುತ್ತದೆ. ಇಲ್ಲಿನ ಬೆಲೆಯನ್ನು ನೆನೆದರೆ ಎದೆ ಧಸಕ್ಕೆನ್ನುವಷ್ಟು ಹಣ ಕೊಡಬೇಕು. ಆದರೂ ವಾರಕ್ಕೊಂದು ದಿನ ಮುದ್ದೆ ಕಟ್ಟಿ, ಹುರುಳಿಕಾಳಿನ ಬಸ್ಸಾರಿನಲ್ಲಿ ಅದ್ದಿ ಉಣ್ಣದಿದ್ದರೆ ಅವಳಿಗೆ ಸಮಾಧಾನವಿಲ್ಲ. ಊರಿನಲ್ಲಿ ತಮ್ಮನ ಕಾಲೇಜಿನ ಶುಲ್ಕ ಬಾಕಿ ಇದೆ, ಮನೆ ಕಟ್ಟಿದ ಸಾಲ ಇದೆ. ‘ಅಲ್ಲಿ ಸಿಗುವುದನ್ನು ತಿಂದುಕೊಂಡು ಇರಬಾರದೇ?’ ಎಂದು ಅಪ್ಪ ಕೇಳುತ್ತಾನೆ. ‘ಉಣ್ಣಲಿ ಬಿಡಿ, ಮಗು ಒಂಟಿಯಾಗಿದೆ’ ಎನ್ನುತ್ತಾಳೆ ಅವ್ವ. ಇಬ್ಬರಲ್ಲಿ ಯಾರು ಸರಿ?

ಮೊದಲಿಗೆ, ಇದು ಬಡವರ ಅಥವಾ ಹಳ್ಳಿಯವರ ದೌರ್ಬಲ್ಯವಲ್ಲ ಎಂಬುದನ್ನು ತಿಳಿಯಬೇಕು. ಇಂದು ದುಬೈಯಲ್ಲೋ ಸ್ಪೇನಿನಲ್ಲೋ ನೆಲೆಸಿರುವ ಬ್ರಿಟಿಷರೂ ತಮ್ಮ ಊರಿನ ಚಹಾಪುಡಿ, ಡಬ್ಬಿಯಲ್ಲಿನ ಬೀನ್ಸ್, 1902ರಿಂದ ತಯಾರಾಗುತ್ತಿರುವ ಮಾರ್ಮೈಟ್ ಎಂಬ ಕಪ್ಪು ಉಪ್ಪುಪ್ಪಾದ ಲೇಹ್ಯವನ್ನು ಹೆಚ್ಚು ಬೆಲೆಗೆ ಕೊಳ್ಳುತ್ತಾರೆ. ಒಂದು ಕಾಲದಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೇ ಇಂಥ ಪರದೇಶಿಗಳಿದ್ದರು. ಹೊನ್ನಮೇಟಿಯ ಕಾಫಿ ತೋಟದಲ್ಲಿ ಮಾರಿಸ್ ಎಂಬ ಬ್ರಿಟಿಷ್ ಕುಟುಂಬ ಬಾಳಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗಿನ ದಾರಿ ಹತ್ತಿರವಾಗಿ, ಭಾರತದಲ್ಲಿದ್ದ ಇಂಗ್ಲಿಷರಿಗೆ ಅವರ ದೇಶದ ಡಬ್ಬಿ ಆಹಾರ, ಜಾಮು, ಬಿಸ್ಕತ್ತು ಸುಲಭವಾಗಿ ಬರತೊಡಗಿದವು. ಮದ್ರಾಸಿನ ಸ್ಪೆನ್ಸರ್ಸ್‌ನಂಥ ಅಂಗಡಿಗಳು ಇಂಥ ಸಾಮಾನಿನಿಂದಲೇ ಹೆಸರಾದವು. ವಿಚಿತ್ರವೆಂದರೆ, ಹೊನ್ನಮೇಟಿಯ ಆ ಮನೆಯಲ್ಲಿ ಬೆಳೆದ ಮಗಳು ಮೋನಿಕಾ ಜಾಕ್ಸನ್ ದೊಡ್ಡವರಾದ ಮೇಲೆ ಹಂಬಲಿಸಿದ್ದು ನಮ್ಮ ಬೆಟ್ಟಕ್ಕಾಗಿ. ಮರಳಿ ಇಲ್ಲಿಗೆ ಬಂದು, ಆ ಮರಳುವಿಕೆಯ ಕುರಿತೇ ಅವರು ಒಂದು ಪುಸ್ತಕ ಬರೆದರು. ಬಾಲ್ಯ ಎಲ್ಲಿ ಕಳೆಯಿತೋ ಅಲ್ಲಿಗೇ ಮನಸ್ಸು ಹರಿಯುತ್ತದೆ. ಇದು ಸರ್ವೇಶ್ವರ ಮಾನವನಲ್ಲಿ ಇಟ್ಟಿರುವ ಸ್ವಭಾವ. ಸ್ವಭಾವವೇ ಪಾಪವಲ್ಲ.

ಇದಕ್ಕೆ ನಮ್ಮ ನೆರೆಯಲ್ಲೇ ಇನ್ನೊಂದು ಸಾಕ್ಷಿ ಇದೆ. 1959ರಲ್ಲಿ ದಲೈ ಲಾಮಾ ಅವರು ತಮ್ಮ ದೇಶವನ್ನು ತೊರೆದ ಬಳಿಕ ಸಾವಿರಾರು ಟಿಬೆಟಿನ ಜನ ಭಾರತಕ್ಕೆ ಬಂದರು. ಅವರಲ್ಲಿ ಕೆಲವರು 1970ರ ದಶಕದಲ್ಲಿ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ನೆಲೆಸಿದರು. ಹಿಮದ ನಾಡಿನಲ್ಲಿ ಬಾರ್ಲಿ ಬೆಳೆಯುತ್ತಿದ್ದ ಜನ ಇಲ್ಲಿ ಮುಸುಕಿನ ಜೋಳ ಬೆಳೆಯಲು ಕಲಿತರು. ಆದರೂ ಹುರಿದ ಬಾರ್ಲಿಯ ಹಿಟ್ಟಾದ ಸಂಪಾ, ಬೆಣ್ಣೆ ಹಾಕಿದ ಉಪ್ಪಿನ ಚಹಾ ಅವರಿಗೆ ಊರಿನ ರುಚಿಯೇ. ಸಂಪಾ ಎಂದರೆ ನಮ್ಮ ರಾಗಿ ಹುರಿಹಿಟ್ಟಿನ ಸಂಬಂಧಿಯೆಂದೇ ಹೇಳಬಹುದು. ದೇಶವನ್ನೇ ಕಳೆದುಕೊಂಡವನಿಗೆ ತಟ್ಟೆಯಲ್ಲಿ ಉಳಿದಿರುವುದಷ್ಟೇ ದೇಶ. ಅದನ್ನು ಚಪಲವೆಂದು ಯಾರು ಜರೆದಾರು?

ಹಾಗಾದರೆ ಊರಿನ ಊಟದ ಹಂಬಲದಲ್ಲಿ ತಪ್ಪೇ ಇಲ್ಲವೇ? ಪವಿತ್ರ ಬೈಬಲ್ ಇಲ್ಲಿ ನಮ್ಮನ್ನು ಎಚ್ಚರಿಸುತ್ತದೆ. ಸಂಖ್ಯಾಕಾಂಡದ ಹನ್ನೊಂದನೆಯ ಅಧ್ಯಾಯವನ್ನು ತೆಗೆದು ಓದಿ. ಮರುಭೂಮಿಯಲ್ಲಿ ಇಸ್ರಯೇಲರು ಈಜಿಪ್ಟಿನಲ್ಲಿ ತಿಂದ ಮೀನು, ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು. ಮೀನು ಪುಕ್ಕಟೆಯಾಗಿ ಸಿಗುತ್ತಿತ್ತು ಎಂದರು. ಬೆನ್ನ ಮೇಲೆ ಬಿದ್ದ ಚಾಟಿಯನ್ನು, ನದಿಗೆ ಎಸೆಯಲ್ಪಟ್ಟ ಹಸುಗೂಸುಗಳನ್ನು ಆ ಹೊತ್ತಿನಲ್ಲಿ ಯಾರೂ ನೆನೆಯಲಿಲ್ಲ. ದೇವರಿಗೆ ಕೋಪ ಬಂದದ್ದು ಅವರು ಈರುಳ್ಳಿಯನ್ನು ಇಷ್ಟಪಟ್ಟರೆಂದಲ್ಲ. ಬಿಡುಗಡೆಯನ್ನೇ ಹಳಿದರೆಂದು, ದಿನದಿನವೂ ಬೀಳುತ್ತಿದ್ದ ಮನ್ನವನ್ನು ತುಚ್ಛವಾಗಿ ಕಂಡರೆಂದು.

ಊರಿನ ನೆನಪಿಗೆ ಈ ಮೋಸದ ಗುಣವಿದೆ. ದೂರ ಹೋದಷ್ಟೂ ಅದು ಕಷ್ಟವನ್ನು ಮರೆಸಿ ಸಿಹಿಯನ್ನಷ್ಟೇ ಉಳಿಸುತ್ತದೆ. ನಮ್ಮ ಅಜ್ಜಂದಿರು ರಾಗಿ ಉಂಡದ್ದು ರುಚಿಗಾಗಿ ಮಾತ್ರವಲ್ಲ. ಮಳೆ ಕಡಿಮೆ ಬೀಳುವ ಈ ನೆಲದಲ್ಲಿ ಅದು ಬೆಳೆಯುತ್ತಿತ್ತು, ಎರಡು ಹೊತ್ತು ಸಿಕ್ಕರೆ ಅದೇ ಭಾಗ್ಯವೆನಿಸುತ್ತಿತ್ತು. ಇಂದು ಪರದೇಶದಲ್ಲಿ ಅದೇ ಮುದ್ದೆಯನ್ನು ಹಬ್ಬವೆಂದು ಉಣ್ಣುವ ಮಗ, ಅದರ ಹಿಂದಿದ್ದ ಅವ್ವನ ಹಸಿವನ್ನೂ ನೆನೆದರೆ ಅವನ ಊಟ ಕೃತಜ್ಞತೆಯಾಗುತ್ತದೆ. ಅದನ್ನು ಮರೆತು, ತನಗೆ ಅನ್ನವಿಟ್ಟ ದೇಶವನ್ನು ಹಗಲಿರುಳು ಹಳಿಯುತ್ತಾ ಉಂಡರೆ ಅದು ಮರುಭೂಮಿಯ ಗೊಣಗಾಟವೇ.

ಇನ್ನೊಂದು ಕಡೆ ದಾನಿಯೇಲನಿದ್ದಾನೆ. ಬಾಬಿಲೋನಿಯದ ಅರಮನೆಯಲ್ಲಿ ರಾಜನ ಭೋಜನವನ್ನೂ ದ್ರಾಕ್ಷಾರಸವನ್ನೂ ಅವನು ಒಲ್ಲೆನೆಂದ. ಹತ್ತು ದಿನ ಕಾಯಿಪಲ್ಲೆ ಮತ್ತು ನೀರಿನಲ್ಲಿ ಪರೀಕ್ಷಿಸಿ ನೋಡಿ ಎಂದು ಕೇಳಿದ. ತನ್ನ ದೇವರ ನಿಯಮಕ್ಕೆ ನಿಷ್ಠನಾಗಿರಲು ಊಟದಲ್ಲಿ ಅವನು ಬೇರೆಯಾಗಿ ಉಳಿದ. ಆದರೆ ಅದೇ ದಾನಿಯೇಲ ಆ ನಾಡಿನ ಭಾಷೆಯನ್ನೂ ವಿದ್ಯೆಯನ್ನೂ ಚೆನ್ನಾಗಿ ಕಲಿತ. ಆ ರಾಜನಿಗೆ ನಿಷ್ಠೆಯಿಂದ ದುಡಿದ. ತಟ್ಟೆ ಬೇರೆಯಾದರೂ ಸೇವೆಗೆ ಗೋಡೆ ಕಟ್ಟಲಿಲ್ಲ.

ಊರಿನ ರುಚಿಯನ್ನೇ ಬಿಟ್ಟುಕೊಟ್ಟವರೂ ನಮ್ಮ ಧರ್ಮಸಭೆಯಲ್ಲಿ ಇದ್ದಾರೆ. 17ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಸನ್ಯಾಸಿಯ ವೇಷ, ಸನ್ಯಾಸಿಯ ಬಾಳನ್ನು ಸ್ವೀಕರಿಸಿ, ಕನ್ನಡ ಕಲಿತರು. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ, 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ನೆಲೆಸಿ, ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, 1823ರವರೆಗೆ ಬಾಳಿದರು. ಜನ ಅವರನ್ನು ‘ದೊಡ್ಡ ಸ್ವಾಮಿ’ ಎಂದು ಕರೆದರು. ಇದು ದೊಡ್ಡ ತ್ಯಾಗ. ಆದರೆ ತ್ಯಾಗವೆಂದರೆ ಪ್ರಿಯವಾದುದನ್ನು ಬಿಡುವುದು. ಊರಿನ ಊಟ ಕೆಟ್ಟದ್ದಾಗಿದ್ದರೆ ಅದನ್ನು ಬಿಟ್ಟದ್ದರಲ್ಲಿ ಏನು ಪುಣ್ಯ? ಅವರ ತ್ಯಾಗವೇ ಆ ಹಂಬಲ ಒಳ್ಳೆಯದೆಂಬುದಕ್ಕೆ ಸಾಕ್ಷಿ.

ಹಾಗಾದರೆ ಎಲ್ಲರೂ ಬಿಡಬೇಕಾಗಿಲ್ಲ, ಎಲ್ಲರೂ ಹಿಡಿದುಕೊಂಡೂ ಕೂರಬೇಕಾಗಿಲ್ಲ. ಅತಿಭೋಜನವೆಂಬ ಪಾಪ ಬರೀ ಹೆಚ್ಚು ತಿನ್ನುವುದರಲ್ಲಿ ಇಲ್ಲವೆಂದು ಸಂತ ಮಹಾ ಗ್ರೆಗರಿಯವರು ಕಲಿಸಿದ್ದಾರೆ. ಹೊತ್ತಿಗೆ ಮುಂಚೆ, ಅತಿ ದುಬಾರಿಯಾಗಿ, ಅತಿ ಹೆಚ್ಚಾಗಿ, ಅತಿ ಆಸೆಬುರುಕತನದಿಂದ, ಅತಿ ನಾಜೂಕಾಗಿ, ಹೀಗೆ ಐದು ಬಗೆಯಲ್ಲಿ ಅದು ಒಳಹೊಗುತ್ತದೆ. ಒಂದು ಹಿಡಿ ರಾಗಿಯೂ ಈ ಪಾಪಕ್ಕೆ ಎಡೆಯಾಗಬಹುದು. ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಇದಕ್ಕೆ ಯಾರ ಪಾಲಿನಿಂದ ಹಣ ಹೋಗುತ್ತಿದೆ? ತಮ್ಮನ ಶುಲ್ಕ ಕಟ್ಟಿದ ಮೇಲೆ ಉಳಿದದ್ದರಲ್ಲಿ ವಾರಕ್ಕೊಮ್ಮೆ ಮುದ್ದೆ ಉಂಡರೆ ಅದು ದುಂದಲ್ಲ. ಅವಳ ಮನಸ್ಸು ಕುಗ್ಗದಂತೆ ಕಾಯುವ ಮದ್ದು. ರಾತ್ರಿಪಾಳಿ ಮುಗಿಸಿ ರೋಗಿಗಳ ನೋವನ್ನು ಹೊತ್ತು ಬರುವವಳಿಗೆ ಒಂದು ತುತ್ತು ಊರಿನ ನೆಮ್ಮದಿ ಬೇಕು. ಆದರೆ ಮನೆಯವರಿಗೆ ಕೊಟ್ಟ ಮಾತನ್ನು ತಪ್ಪಿಸಿ ಡಬ್ಬಿಗಳನ್ನು ತುಂಬಿಕೊಂಡರೆ, ಅಪ್ಪನ ಪ್ರಶ್ನೆಗೆ ಉತ್ತರವಿಲ್ಲ.

ಎರಡನೆಯದು, ಇದರಲ್ಲಿ ಸುಳ್ಳು ಏನಾದರೂ ಸೇರಿದೆಯೇ? ಇದು ಊರಿನಲ್ಲಿ ಪೊಟ್ಟಣ ಕಟ್ಟುವ ಅವ್ವಂದಿರಿಗೂ ಸೇರಿದ ಮಾತು. ಬ್ರಿಟನ್ನಿಗೆ ಭಾರತದಿಂದ ಮಾಂಸವನ್ನಾಗಲಿ ತುಪ್ಪವೇ ಮೊದಲಾದ ಹಾಲಿನ ಪದಾರ್ಥಗಳನ್ನಾಗಲಿ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಕೊಲ್ಲಿಯ ಸಂಯುಕ್ತ ಅರಬ್ ಒಕ್ಕೂಟದಲ್ಲಿ ಗಸಗಸೆ ಮಾದಕವಸ್ತುಗಳ ಕಾನೂನಿನ ಅಡಿ ನಿಷಿದ್ಧ. ಪಾಯಸಕ್ಕೆಂದು ಪ್ರೀತಿಯಿಂದ ಬಚ್ಚಿಟ್ಟ ಒಂದು ಹಿಡಿ ಗಸಗಸೆ ಮಗನನ್ನು ಸೆರೆಮನೆಗೆ ಕಳಿಸಬಹುದು. ಪ್ರೀತಿಯಿದ್ದ ಮಾತ್ರಕ್ಕೆ ಕಾನೂನನ್ನು ಮರೆಮಾಚುವುದು ಸರಿಯಾಗುವುದಿಲ್ಲ. ಕೇಳಿ ತಿಳಿದು ಕಳಿಸುವುದೇ ನಿಜವಾದ ಪ್ರೀತಿ.

ಮೂರನೆಯದು, ಪಕ್ಕದಲ್ಲಿ ಇನ್ನೊಂದು ತಟ್ಟೆ ಇದೆಯೇ? ಊರಿನ ಊಟವನ್ನು ಬಾಗಿಲು ಹಾಕಿಕೊಂಡು ಉಂಡರೆ ಒಂಟಿತನ ಹೆಚ್ಚುತ್ತದೆ. ಜೊತೆಯ ಕೆಲಸದವಳನ್ನು, ಅವಳು ಕೇರಳದವಳಾಗಲಿ ಫಿಲಿಪ್ಪೀನ್ಸಿನವಳಾಗಲಿ, ಕರೆದು ಬಡಿಸಿದರೆ, ಅವಳ ಮನೆಯ ಅಡುಗೆಯನ್ನು ನಾವೂ ಮುಖ ಸಿಂಡರಿಸದೆ ಉಂಡರೆ, ಅಲ್ಲಿ ಒಂದು ಕುಟುಂಬ ಹುಟ್ಟುತ್ತದೆ. ತಿಬೇರಿಯ ಸರೋವರದ ದಡದಲ್ಲಿ ಪುನರುತ್ಥಾನರಾದ ಪ್ರಭು ಯೇಸು ದಣಿದ ಶಿಷ್ಯರಿಗೆ ಕೆಂಡದ ಮೇಲೆ ಸಿದ್ಧಪಡಿಸಿದ್ದು ಆ ಊರಿನ ಬೆಸ್ತರು ದಿನವೂ ಉಣ್ಣುತ್ತಿದ್ದ ರೊಟ್ಟಿ ಮತ್ತು ಮೀನನ್ನೇ. ತಾವು ಹಿಡಿದ ಮೀನನ್ನೂ ತರಲು ಅವರು ಶಿಷ್ಯರಿಗೆ ಹೇಳಿದರು. ಇಬ್ಬರ ಪಾಲೂ ಸೇರಿ ಊಟವಾಯಿತು.

‘ನಮ್ಮದು’ ಎಂಬ ಮಾತನ್ನೂ ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು. ನಮ್ಮ ಸಾರಿಗೆ ಖಾರ ಕೊಡುವ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಒಡೆಯರಪಾಳ್ಯದ ಮುಸುಕಿನ ಜೋಳವೂ ಅಲ್ಲಿಯದೇ. ರಾಗಿಯ ಮೂಲವೂ ಆಫ್ರಿಕದ ಎತ್ತರದ ನಾಡುಗಳು; ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಅತಿಥಿಯಾಗಿ ಬಂತು. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಾದ್ದರಿಂದ ನಮ್ಮಲ್ಲಿ ಕನ್ನಡವೂ ಉಂಟು ತಮಿಳೂ ಉಂಟು. ಒಬ್ಬರು ಮುದ್ದೆ ಎನ್ನುವುದನ್ನು ಪಕ್ಕದ ಮನೆಯವರು ಕಳಿ ಎನ್ನುತ್ತಾರೆ; ಒಲೆಯ ಮೇಲೆ ಬೇಯುವುದು ಅದೇ ಹಿಟ್ಟು.

ಈಗ ಪ್ರಶ್ನೆಯನ್ನು ನಮ್ಮ ಕಡೆಗೂ ತಿರುಗಿಸೋಣ. ನಮ್ಮ ಮಗಳು ಲಂಡನ್ನಿನಲ್ಲಿ ರಾಗಿಗೆ ಹಂಬಲಿಸುವಾಗ ಕಣ್ಣೀರಿಡುವ ನಾವು, ನಮ್ಮ ಊರುಗಳ ಹೋಟೆಲುಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವ ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರ ಊಟವನ್ನು ಎಂದಾದರೂ ವಿಚಾರಿಸಿದ್ದೇವೆಯೇ? ಅವರ ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಮುಚ್ಚುತ್ತೇವೆಯೇ? ಬಾಡಿಗೆ ಮನೆಗೆ ಬಂದವರನ್ನು ‘ನೀವು ಏನು ತಿನ್ನುತ್ತೀರಿ?’ ಎಂದು ಕೇಳಿ ಬಾಗಿಲು ಮುಚ್ಚುತ್ತೇವೆಯೇ? ಕಾಡಂಚಿನ ಪೋಡುಗಳಿಂದ ವಿದ್ಯಾರ್ಥಿನಿಲಯಕ್ಕೆ ಬರುವ ಸೋಲಿಗ ಮಕ್ಕಳು ತಮ್ಮ ಅವ್ವ ಬೇಯಿಸುವ ಕಾಡುಗೆಣಸಿನ ಹೆಸರು ಹೇಳಿದರೆ ನಾವು ನಗುತ್ತೇವೆಯೇ? ಪರದೇಶಿಗೆ ಆಶ್ರಯ ಕೊಟ್ಟವರು ತಮಗೇ ಕೊಟ್ಟರೆಂದು ಪ್ರಭು ಹೇಳಿದ್ದಾರೆ. ಆಶ್ರಯವೆಂದರೆ ಸೂರು ಮಾತ್ರವಲ್ಲ; ಅವನು ತನ್ನ ಅನ್ನವನ್ನು ನಾಚಿಕೆಯಿಲ್ಲದೆ ಬೇಯಿಸಿಕೊಳ್ಳುವ ಒಂದು ಒಲೆಯೂ ಹೌದು.

ಕೊನೆಯದಾಗಿ ನಮ್ಮ ಪರದೇಶಿ ಮಕ್ಕಳಿಗೆ ಒಂದು ಮಾತು. ಬಲಿಪೂಜೆಯ ಗೋಧಿರೊಟ್ಟಿ, ದ್ರಾಕ್ಷಾರಸ ನಮ್ಮ ಬೆಟ್ಟದ ಬೆಳೆಗಳಲ್ಲ. ಪಲೆಸ್ತೀನಿನ ಮನೆಗಳ ದಿನನಿತ್ಯದ ಆಹಾರ ಅವು. ಆದರೂ ಧರ್ಮಸಭೆ ಎಲ್ಲ ದೇಶಗಳಲ್ಲೂ ಅವನ್ನೇ ಬಳಸುತ್ತದೆ. ನಮಗೂ ಅವು ತವರಿನ ಅನ್ನವಾಗಿವೆ. ಕಾಮಗೆರೆಯ ಪೀಠದಲ್ಲಿ ನಿಮ್ಮ ಅವ್ವ ಸ್ವೀಕರಿಸುವ ಪರಮಪ್ರಸಾದವೇ ಲಂಡನ್ನಿನ ಪೀಠದಲ್ಲಿ ನಿಮಗೂ ಸಿಗುತ್ತದೆ. ಅದಕ್ಕೆ ಬೆಲೆಯಿಲ್ಲ, ಸುಂಕದ ಕಟ್ಟೆಯಿಲ್ಲ. ಶನಿವಾರ ಊರಿನ ಹಿಟ್ಟನ್ನು ಹುಡುಕಿಕೊಂಡು ಎರಡು ಬಸ್ಸು ಬದಲಾಯಿಸಿ ಹೋಗುವವರು ಭಾನುವಾರ ಪೂಜೆಗೆ ದೂರವಾಯಿತೆಂದು ಮಲಗಿಬಿಟ್ಟರೆ, ಹಸಿವಿನಲ್ಲಿ ಯಾವುದು ದೊಡ್ಡದೆಂಬುದನ್ನು ಮರೆತಂತೆ.

ಅಪ್ಪ ಕೇಳಿದ್ದೂ ಸರಿ, ಅವ್ವ ಹೇಳಿದ್ದೂ ಸರಿ. ಲೆಕ್ಕ ನೋಡಿ ಕೊಳ್ಳಲಿ, ಕೈಮುಗಿದು ಉಣ್ಣಲಿ, ಒಬ್ಬರನ್ನು ಕರೆದು ಉಣ್ಣಲಿ. ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅನುದಿನದ ಆಹಾರಕ್ಕಾಗಿ ಬೇಡುವಾಗ, ದೂರದಲ್ಲಿ ಒಬ್ಬರೇ ಕುಳಿತು ಉಣ್ಣುತ್ತಿರುವ ನಮ್ಮ ಮಕ್ಕಳನ್ನೂ, ನಮ್ಮ ಊರಿನಲ್ಲಿ ಒಬ್ಬರೇ ಕುಳಿತು ಉಣ್ಣುತ್ತಿರುವ ಪರರ ಮಕ್ಕಳನ್ನೂ ಹೆಸರಿಟ್ಟು ನೆನೆಯೋಣ.