ಏಕಾದಶಿಯಂದು ಹಲ್ಲುಜ್ಜಬಹುದೇ?

ಪ್ರಶ್ನೆ: ನಮ್ಮೂರು ರಾಮನಗರ ತಾಲ್ಲೂಕಿನ ಕೂಟಗಲ್. ಈಗ ಬೆಂಗಳೂರಿನಲ್ಲಿದ್ದೇವೆ. ನಮ್ಮ ಅತ್ತೆಯವರು ಏಕಾದಶಿ, ಅಮಾವಾಸ್ಯೆ ಮತ್ತು ಮಾವನವರ ತಿಥಿಯ ದಿನ ಹಲ್ಲುಜ್ಜುವುದಿಲ್ಲ. ಮಿಕ್ಕ ದಿನ ಊರಿಂದ ತಂದ ಬೇವಿನ ಕಡ್ಡಿ. ಅದು ಮುಗಿದರೆ ಇದ್ದಿಲು, ಉಪ್ಪು. ಬ್ರಷ್ ಎಂಜಲು ಅಂತಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ವಸಡಿನಲ್ಲಿ ರಕ್ತ ಬರುತ್ತಿದೆ. ಹೇಳಿದರೆ ‘ಶಾಸ್ತ್ರ ಬಿಡೋಕಾಗಲ್ಲಮ್ಮ’ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅತ್ತೆಯವರ ನಿಷ್ಠೆ ದೊಡ್ಡದು, ಅದನ್ನು ಹಗುರ ಮಾಡಬೇಡಿ. ಆದರೆ ಶಾಸ್ತ್ರ ಬೇಡ ಎಂದಿರುವುದು ಯಾವುದನ್ನು ಎಂದು ಸರಿಯಾಗಿ ತಿಳಿಯಬೇಕು. ಪಾಡ್ಯ, ಷಷ್ಠಿ, ನವಮಿ, ಅಮಾವಾಸ್ಯೆ, ಉಪವಾಸ ಮತ್ತು ಶ್ರಾದ್ಧದ ದಿನಗಳಲ್ಲಿ ನಿಷೇಧಿಸಿರುವುದು ದಂತಕಾಷ್ಠವನ್ನು, ಅಂದರೆ ಮರದ ಕಡ್ಡಿಯನ್ನು. ಬಾಯಿಯ ಶುದ್ಧಿಯನ್ನಲ್ಲ! ಅಂಥ ದಿನ ಎಲೆಯಿಂದ ಹಲ್ಲು ತಿಕ್ಕಬಹುದು, 12 ಸಲ ನೀರಿನಿಂದ ಬಾಯಿ ಮುಕ್ಕಳಿಸಬೇಕು ಎಂದು ದಾರಿಯನ್ನೂ ಹೇಳಿದೆ. ನಾಲಿಗೆ ಶುದ್ಧಿಗಂತೂ ಯಾವ ದಿನವೂ ಅಡ್ಡಿಯಿಲ್ಲ.

ಅಮಾವಾಸ್ಯೆಯಂದು ಚಂದ್ರ ಗಿಡಮರಗಳಲ್ಲಿ ನೆಲೆಸಿರುತ್ತಾನೆ, ಆ ದಿನ ಅವುಗಳನ್ನು ಮುರಿಯಬಾರದು ಎಂಬುದು ಹಿರಿಯರ ನಂಬಿಕೆ. ಬ್ರಷ್ಷಿನಿಂದ ಹಲ್ಲುಜ್ಜಿದರೆ ಯಾವ ಮರ ಮುರಿದಂತಾಯಿತು? ಉಪವಾಸದ ದಿನ ಪೇಸ್ಟಿನ ರುಚಿ ಬೇಡವೆನಿಸಿದರೆ ಬರೀ ನೀರು, ಮೆತ್ತನೆಯ ಬ್ರಷ್ ಸಾಕು.

ಇನ್ನು ಎಂಜಲಿನ ಮಾತು. ಕಡ್ಡಿಯನ್ನು ಒಮ್ಮೆ ಬಳಸಿ ಎಸೆಯುತ್ತೇವೆ, ಬ್ರಷ್ ಹಾಗಲ್ಲ, ನಿಜ. ಆದರೆ ನಾಲಿಗೆ ತೆಗೆಯುವ ತಾಮ್ರದ ಪಟ್ಟಿಯನ್ನು ಮನೆಯ ಹಿರಿಯರು ದಿನವೂ ತೊಳೆದು ಬಳಸುತ್ತಾರಲ್ಲವೇ? ಬ್ರಷ್ಷಿಗೂ ಅದೇ ನ್ಯಾಯ. ಅವರದೇ ಬ್ರಷ್ ಬೇರೆ ಇರಲಿ, ಚೆನ್ನಾಗಿ ತೊಳೆದು ನಿಲ್ಲಿಸಿ ಒಣಗಿಸಿ, ಎಳೆ ಬಾಗಿದರೆ ಬದಲಾಯಿಸಿ.

ಬೇವಿನ ಕಡ್ಡಿ ಒಳ್ಳೆಯದೇ. ಕಹಿ ಕಡ್ಡಿಗಳಲ್ಲಿ ಬೇವು, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಸುಶ್ರುತರು ಹೇಳಿದ್ದಾರೆ. ಉದ್ದ 12 ಅಂಗುಲ, ದಪ್ಪ ಕಿರುಬೆರಳಿನಷ್ಟು. ತುದಿಯನ್ನು ಅಗಿದು ಕುಂಚದಂತೆ ಮಾಡಿಕೊಂಡು, ವಸಡಿಗೆ ನೋವಾಗದಂತೆ ಒಂದೊಂದೇ ಹಲ್ಲನ್ನು ಉಜ್ಜಬೇಕು. ಊರಿಗೆ ಹೋದಾಗ ಹೊಲದ ಬದುವಿನ ಮರದಿಂದ ತನ್ನಿ. ಅಶ್ವತ್ಥಕಟ್ಟೆಯಲ್ಲಿ ಪೂಜೆಗೊಳ್ಳುವ ಬೇವನ್ನು ಮುಟ್ಟಬೇಡಿ. ಆದರೆ ಇದನ್ನು ಗಮನಿಸಿ: ಬಾಯಿ ಹುಣ್ಣಾದವರಿಗೆ, ನಾಲಿಗೆ, ತುಟಿ, ಗಂಟಲಿನ ರೋಗವಿರುವವರಿಗೆ ಕಡ್ಡಿ ಕೂಡದು ಎಂದವರೂ ಅದೇ ಸುಶ್ರುತರು. ರೋಗಿಗೆ ಬೇರೆ ವಿಧಿ ಎಂಬುದು ಹೊಸ ಕಾಲದ ಸಡಿಲಿಕೆ ಅಲ್ಲ, ಹಳೆಯದೇ. ವಸಡಿನಲ್ಲಿ ರಕ್ತ ಬರುವಾಗ ಗಟ್ಟಿ ಕಡ್ಡಿ ಬೇಡ.

ಇದ್ದಿಲು, ಉಪ್ಪಿನ ಹರಳು, ಇಟ್ಟಿಗೆ ಪುಡಿ ಬಿಟ್ಟುಬಿಡಿ. ಇಟ್ಟಿಗೆ, ಹೆಂಟೆ, ಕಲ್ಲುಗಳಿಂದ ಹಲ್ಲುಜ್ಜಬಾರದೆಂದು ಸ್ಮೃತಿವಚನವೇ ಇದೆ. ಅವು ಹಲ್ಲಿನ ಮೇಲಿನ ಗಟ್ಟಿ ಕವಚವನ್ನು ಸವೆಸುತ್ತವೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಹಲ್ಲು ಬೆಳ್ಳಗಾಗಲೆಂದು ನಿಂಬೆರಸ ತಿಕ್ಕುವವರೂ ಇದನ್ನು ನೆನಪಿಡಿ. ಹುಳಿ ಆ ಕವಚವನ್ನೇ ಕರಗಿಸುತ್ತದೆ. ಉಪ್ಪು ಬೇಕೆಂದರೆ ಬೆಚ್ಚಗಿನ ನೀರಿಗೆ ಹಾಕಿ ಮುಕ್ಕಳಿಸಲಿ. ಎಳ್ಳೆಣ್ಣೆಯಿಂದ ಬಾಯಿ ಮುಕ್ಕಳಿಸುವುದನ್ನು ಚರಕರು ಹೊಗಳಿದ್ದಾರೆ. ಆದರೆ ಅದು ಹಲ್ಲುಜ್ಜುವುದಕ್ಕೆ ಬದಲಿಯಲ್ಲ.

ಕೊನೆಯದಾಗಿ, ಮುಖ್ಯವಾದದ್ದು. ಸಕ್ಕರೆ ಕಾಯಿಲೆಯವರಿಗೆ ವಸಡಿನ ರೋಗ ಬೇಗ ಅಂಟುತ್ತದೆ. ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದಿಲ್ಲ. ಮುಂದಿನ ಏಕಾದಶಿಯವರೆಗೆ ಕಾಯಬೇಡಿ, ಈ ವಾರವೇ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅತ್ತೆಯವರ ಜೊತೆ ವಾದ ಮಾಡ್ಬೇಡಿ; ‘ಅತ್ತೆ, ನೀವು ಶಾಸ್ತ್ರ ಬಿಡೋದು ಬೇಡ, ಪೂರ್ತಿ ಪಾಲಿಸೋಣ’ ಅನ್ನಿ. ತಿಮ್ಮಪ್ಪನ ಹೆಸರು ಹೇಳುವ ಬಾಯಿ ಅದು. ಅದನ್ನು ಶುದ್ಧವಾಗಿ, ನೋವಿಲ್ಲದಂತೆ ಇಟ್ಟುಕೊಳ್ಳುವುದೂ ಸೇವೆಯೇ.