ಗ್ರಹಭಯವೂ ಜಪವೂ

ಜನ್ಮರಾಶಿಗೆ ಸಾಡೇಸಾತಿ ಒದಗಿತೆಂದು ತಿಳಿದೊಡನೆ ನಮ್ಮ ಕುಕನೂರು ಸೀಮೆಯ ಮನೆಗಳಲ್ಲಿ ಶನಿಜಪ, ಎಳ್ಳೆಣ್ಣೆಯ ದೀಪಗಳು ಆರಂಭವಾಗುತ್ತವೆ. ಇದು ದೋಷವಲ್ಲ. ಆದರೆ ಪ್ರಾರಬ್ಧವನ್ನು ಅನುಭವಿಸಿಯೇ ತೀರಿಸಬೇಕೆಂಬ ಶಾಸ್ತ್ರವನ್ನು ಒಪ್ಪಿದವರಿಗೆ, ಜಪದಿಂದ ಗ್ರಹವನ್ನು ಓಡಿಸುವೆವೆಂಬ ಮಾತು ಹೊಂದುವುದೇ?

ಶ್ರೀವಾದಿರಾಜರ ನವಗ್ರಹಸ್ತೋತ್ರದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಯಾವ ಗ್ರಹಕ್ಕೂ ದೂರ ಹೋಗೆಂಬ ಪ್ರಾರ್ಥನೆಯಿಲ್ಲ. ಸೂರ್ಯನು ತತ್ತ್ವವನ್ನು ಬೆಳಗಬೇಕು, ಬುಧನು ವಿವೇಕವನ್ನು ಕೊಡಬೇಕು, ಶನಿಯೂ ಸುಖವನ್ನೇ ತರಬೇಕು, ಎಲ್ಲ ಗ್ರಹರೂ ಕೈಹಿಡಿದು ನಡೆಸಬೇಕು ಎಂಬುದೇ ಬೇಡಿಕೆ. ಗ್ರಹರು ಶ್ರೀಹರಿಯ ಅಧೀನರಾದ ದೇವತೆಗಳು. ಒಡೆಯನ ಆಜ್ಞೆಯನ್ನು ನಡೆಸುವವರನ್ನು ಶತ್ರುಗಳೆಂದು ಎಣಿಸುವುದು ಅಜ್ಞಾನ.

ನಮ್ಮ ಜಿಲ್ಲೆಯದೇ ಆದ ಆನೆಗೊಂದಿಯ ನವವೃಂದಾವನದಲ್ಲಿ ಸನ್ನಿಹಿತರಾಗಿರುವ ಶ್ರೀವ್ಯಾಸರಾಜರು (ವೃಂದಾವನಪ್ರವೇಶ 1539), ಕೃಷ್ಣದೇವರಾಯನಿಗೆ ಕುಹೂಯೋಗ ಒದಗಿದಾಗ ತಾವೇ ಸಿಂಹಾಸನವನ್ನೇರಿ, ಗಂಡಾಂತರ ಕಳೆದ ಮೇಲೆ ರಾಜ್ಯವನ್ನು ಹಿಂದಿರುಗಿಸಿದರೆಂದು ಸಂಪ್ರದಾಯ ಹೇಳುತ್ತದೆ. ಗ್ರಹಬಾಧೆಯ ಮುಂದೆ ಗುರುಗಳು ಆರಿಸಿಕೊಂಡ ಮಾರ್ಗ, ಪರರ ಕಷ್ಟವನ್ನು ತಾವು ಹೊರುವುದು.

ನಾವಾದರೋ ಕುಜದೋಷವೆಂದು ಗುಣವತಿಯಾದ ಕನ್ಯೆಯನ್ನು ತಿರಸ್ಕರಿಸುತ್ತೇವೆ. ಶನಿಕಾಟವೆಂದು ರೋಗಿಯನ್ನು ವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡುತ್ತೇವೆ. ನಮ್ಮ ಭಯದ ಬೆಲೆಯನ್ನು ಇತರರು ತೆರುವಂತಾದರೆ ಆ ಜಪಕ್ಕೆ ಫಲವೆಲ್ಲಿ?

ಆದುದರಿಂದ ಆಸ್ತಿಕ ಬಂಧುಗಳು ಜಪವನ್ನು ಬಿಡದೆ ಮಾಡಲಿ. ಆದರೆ ಸಂಕಲ್ಪಕಾಲದಲ್ಲಿ, ಕಷ್ಟ ಬಾರದಿರಲೆಂದು ಬೇಡುವುದಕ್ಕಿಂತ, ಬಂದುದನ್ನು ಸಹಿಸಿ ಕರ್ತವ್ಯವನ್ನು ತಪ್ಪದೆ ನಡೆಸುವ ಬುದ್ಧಿಯನ್ನು ಗ್ರಹಾಂತರ್ಗತನಾದ ಶ್ರೀಹರಿಯಲ್ಲಿ ಬೇಡಲಿ. ಅಂತಹ ಬುದ್ಧಿಯುಳ್ಳವನಿಗೆ ಶನಿವಾರವೂ ಶುಭದಿನವೇ.

ಶ್ರೀಕೃಷ್ಣಾರ್ಪಣಮಸ್ತು.